‘ಅನ್‌ಆರ್ಗನೈಸ್ಡ್’ ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು? (ಜನವೇ ಇಲ್ಲದ ಡೆವನ್ ದ್ವೀಪದ ಬಗ್ಗೆ)

ನಕ್ಷೆಹುಚ್ಚ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಹತ್ತಿರ ಮೂರು ದಿನದಿಂದ ಗಾಡಿ ಕೆಟ್ಟು ನಿಂತಿದೆ. ಸ್ವಲ್ಪ ತಳ್ಳಿ.

ಕೆನಡಾದ ಉತ್ತರ ತುದಿಯಲ್ಲಿರುವ ನುನಾವುಟ್ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಹೈಸ್ಕೂಲ್ ಮಕ್ಕಳು ಓದಿದರೂ ಅರ್ಥ ಆಗಬೇಕು ಅಂತ ಆಸೆ. ಅಲ್ಲಿನ ಜನಗಣತಿ ಪಟ್ಟಿ ತೆಗೆದರೆ ಊರುಗಳ ಹೆಸರು ಸಾಲಾಗಿ ಬರುತ್ತವೆ. ಅವುಗಳ ಜೊತೆಗೇ ‘ಕಿಕಿಕ್ತಾಲುಕ್, ಅನ್‌ಆರ್ಗನೈಸ್ಡ್’ ಅಂತ ಒಂದು ಸಾಲು. ಮೊದಲು ಇದಕ್ಕೆ ‘ಬ್ಯಾಫಿನ್, ಅನ್‌ಆರ್ಗನೈಸ್ಡ್’ ಅಂತಿದ್ದರು. ಆ ಭಾಗದ ಊರುಗಳ ಎಲ್ಲೆ ಕಳೆದು ಮಿಕ್ಕಿದ ನೆಲವೆಲ್ಲ ಈ ಒಂದು ಸಾಲಿನೊಳಗೆ ಬರುತ್ತದೆ.

ಡೆವನ್ ದ್ವೀಪವೂ ಅದರೊಳಗೇ ಇದೆ. 55,247 ಚದರ ಕಿ.ಮೀ. ಕರ್ನಾಟಕದ ಕಾಲು ಭಾಗಕ್ಕಿಂತ ಜಾಸ್ತಿ. ಕೇರಳವನ್ನು ಅದರ ಮೇಲೆ ಹಾಸಿದರೂ ಅಂಚಿನಲ್ಲಿ ಜಾಗ ಉಳಿಯುತ್ತದೆ. ಅಷ್ಟು ಜಾಗದಲ್ಲಿ ಕಾಯಂ ಆಗಿ ಒಲೆ ಹಚ್ಚುವ ಮನೆ ಒಂದೂ ಇಲ್ಲ. ಪ್ರಪಂಚದ ಅತಿ ದೊಡ್ಡ ನಿರ್ಜನ ದ್ವೀಪ ಅಂದರೆ ಇದೇ.

ಈಗ ತೊಂದರೆ ಏನು ಅಂದ್ರೆ, ನಾನು ‘ಅಸಂಘಟಿತ ಪ್ರದೇಶ’ ಅಂತ ಬರೆದೆ. ಮನೆಯಾಕೆ ಓದಿ, ‘ಏನ್ರೀ, ಬೀಡಿ ಕಾರ್ಮಿಕರ ಬಗ್ಗೆ ಬರೀತಿದ್ದೀರಾ?’ ಅಂದಳು. ಅವಳು ಹೇಳಿದ್ದೂ ಸರಿಯೇ. ಬೇರೆ ಪದ ಕೊಡಿ. ಜೊತೆಗೆ ಇನ್ನೊಂದು ಸಂಶಯ: ಊರಿಲ್ಲ, ಪಂಚಾಯಿತಿ ಇಲ್ಲ. ಹಾಗಾದರೆ ಆ ನೆಲ ಯಾರದ್ದು?

ತಿಂಡಿಪೋತ_ಟೊರಾಂಟೊ

30x40 ಸೈಟ್ ಸಿಗುತ್ತಾ ಗುರು? ಪೂರ್ವ ದಿಕ್ಕಿನ ಬಾಗಿಲು ಇರಬೇಕು ಅಷ್ಟೇ.

ಕಲ್ಲುಬಂಡೆ

@ತಿಂಡಿಪೋತ_ಟೊರಾಂಟೊ ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗೋದೇ ಇಲ್ಲ, ಸುಮ್ನೆ ಸುತ್ತು ಹೊಡೆಯುತ್ತಿರುತ್ತಾನೆ. ನವೆಂಬರ್ ಮೊದಲ ವಾರ ಹೋದವನು ಫೆಬ್ರವರಿಯಲ್ಲಿ ಮುಖ ತೋರಿಸುತ್ತಾನೆ. ವಾಸ್ತು ಪಂಡಿತರೇ ಕೈಮುಗಿದು ವಾಪಸ್ ಬರ್ತಾರೆ.

ಪದಜಿಪುಣ

‘ಅಸಂಘಟಿತ’ ಖಂಡಿತ ಬೇಡ. ಇಂಗ್ಲಿಷ್ ಪದದ ಮೇಲೆ ಕಾರ್ಬನ್ ಹಾಳೆ ಇಟ್ಟು ಬರೆದ ಹಾಗಿದೆ. ಅಲ್ಲಿ ಇಲ್ಲದೆ ಇರುವುದು ಸಂಘಟನೆ ಅಲ್ಲ, ಊರಾಡಳಿತ. ‘ಊರಾಡಳಿತವಿಲ್ಲದ ಸೀಮೆ’ ಅಂದರೆ ಮುಗಿಯಿತು. ‘ಸ್ಥಳೀಯ ಸಂಸ್ಥೆರಹಿತ ಭೂಪ್ರದೇಶ’ ಅಂತ ಯಾರಾದರೂ ಸೂಚಿಸುವ ಮೊದಲೇ ಹೇಳುತ್ತಿದ್ದೇನೆ, ಅದು ಗೆಜೆಟ್ ಕನ್ನಡ. ಮಕ್ಕಳು ಓಡಿಹೋಗುತ್ತವೆ.

ಶಾನುಭೋಗರ_ಮೊಮ್ಮಗ

ನಮ್ಮಲ್ಲಿ ಇದಕ್ಕೆ ರೆಡಿಮೇಡ್ ಪದ ಇದೆಯಲ್ಲ ಸ್ವಾಮಿ. ಬೇಚರಾಕ್.

ಮೂವತ್ತೆರಡು ವರ್ಷ ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿದವನು ನಾನು. ಹೆಸರು ಮತ್ತು ಎಲ್ಲೆ ಇದ್ದು, ಸರ್ವೆ ನಂಬರ್, ಪಹಣಿ ಎಲ್ಲ ಇದ್ದು, ಜನ ಮಾತ್ರ ಇಲ್ಲದ ಗ್ರಾಮಕ್ಕೆ ಕಂದಾಯ ಇಲಾಖೆಯಲ್ಲಿ ಬೇಚರಾಕ್ ಗ್ರಾಮ ಅಂತಾರೆ. ಪಾರಸಿ ಮಾತು. ‘ಬೇ’ ಅಂದರೆ ಇಲ್ಲದ, ‘ಚಿರಾಗ್’ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು.

ನನ್ನ ವೃತ್ತದಲ್ಲೇ ಅಂಥದ್ದೊಂದು ಊರಿತ್ತು. ಒಂದು ಹನುಮಪ್ಪನ ಗುಡಿ, ಅರ್ಧ ಮುಚ್ಚಿದ ಬಾವಿ, ಎರಡು ಹುಣಸೆಮರ. ಹೊಲದಲ್ಲಿ ಉಳುವಾಗ ಒರಳುಕಲ್ಲು, ಬೀಸುಕಲ್ಲಿನ ಚೂರು ಸಿಗುತ್ತಿದ್ದವು. ಪ್ಲೇಗು ಬಂದು ಜನ ಊರು ಬಿಟ್ಟರು ಅಂತ ಹಳಬರು ಹೇಳುತ್ತಿದ್ದರು. ಪಕ್ಕದ ಊರಿನವರು ಬಂದು ಉಳುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಜನಗಣತಿ ಬಂದಾಗ ಆ ಊರಿನ ಮುಂದೆ ಸೊನ್ನೆ. ಆದರೆ ಪಟ್ಟಿಯಿಂದ ಹೆಸರು ತೆಗೆಯುವ ಹಾಗಿಲ್ಲ.

ನಕ್ಷೆಹುಚ್ಚ

@ಶಾನುಭೋಗರ_ಮೊಮ್ಮಗ ಸರ್, ಮೈ ಜುಮ್ ಅಂತು. ದೀಪ ಇಲ್ಲದ ಊರು! ಇದನ್ನು ಹಾಕಿಯೇ ಹಾಕ್ತೀನಿ.

ಪದಜಿಪುಣ

ಪದ ಚೆನ್ನಾಗಿದೆ, ಒಪ್ಪಿದೆ. ಆದರೆ ಇಲ್ಲಿ ಕೂರಲ್ಲ. ಬೇಚರಾಕ್ ಅಂದರೆ ಜನ ಇಲ್ಲ, ದಾಖಲೆ ಇದೆ. ಅನ್‌ಆರ್ಗನೈಸ್ಡ್ ಅಂದರೆ ಆಡಳಿತದ ಊರು ಇಲ್ಲ. ಜನ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಕಲಸಿ ಮುದ್ದೆ ಮಾಡಬೇಡಿ.

ತಿಂಡಿಪೋತ_ಟೊರಾಂಟೊ

ಪದಜಿಪುಣರು ಹೇಳಿದ್ದು ಸರಿ. ನಮ್ಮ ಒಂಟಾರಿಯೊದಲ್ಲೇ ‘ಕೆನೋರಾ, ಅನ್‌ಆರ್ಗನೈಸ್ಡ್’ ಅಂತ ಕರ್ನಾಟಕದ ಎರಡರಷ್ಟು ದೊಡ್ಡ ಸೀಮೆ ಇದೆ. ಅಲ್ಲಿ ಸಾವಿರಾರು ಜನ ಇದ್ದಾರೆ. ಕೆರೆ ದಂಡೆಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಮುನಿಸಿಪಾಲಿಟಿ ಇಲ್ಲ ಅಷ್ಟೇ. ಅಮೆರಿಕದ ಮೇನ್ ರಾಜ್ಯದಲ್ಲೂ ಇಂಥದ್ದಿದೆ. ಅಲ್ಲಿ ಆಸ್ತಿ ತೆರಿಗೆ, ಶಾಲೆ ಎಲ್ಲವನ್ನೂ ರಾಜ್ಯ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ.

ನುನಾವುಟ್‌ನಲ್ಲಿ ಮಾತ್ರ ಎರಡೂ ಒಂದೇ ಜಾಗದಲ್ಲಿ ಸೇರಿಕೊಂಡಿವೆ. ಊರಾಡಳಿತವೂ ಇಲ್ಲ, ಊರೂ ಇಲ್ಲ.

ಬಳ್ಳಾರಿ_ಬಿಸಿಲು

ನಮ್ಮ ಕಡೆ ಇದರ ಉಲ್ಟಾ ಅಲ್ವಾ? ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಲೆತಲಾಂತರದಿಂದ ಜನ ಇದ್ದಾರೆ, ದಾಖಲೆಯಲ್ಲಿ ಊರೇ ಇಲ್ಲ. ಕಂದಾಯ ಗ್ರಾಮ ಮಾಡಿಕೊಡಿ ಅಂತ ವರ್ಷಗಟ್ಟಲೆ ಅಲೆಯಬೇಕು. ಅಲ್ಲಿ ನೋಡಿದ್ರೆ ಹಿಮಕರಡಿಗೂ ಜನಗಣತಿ ಪಟ್ಟಿಯಲ್ಲಿ ಒಂದು ಸಾಲು.

ಶಾನುಭೋಗರ_ಮೊಮ್ಮಗ

ನೂರಕ್ಕೆ ನೂರು ನಿಜ. ‘ದಾಖಲೆರಹಿತ ಜನವಸತಿ ಪ್ರದೇಶ’ ಅಂತ ಅದಕ್ಕೂ ಒಂದು ಹೆಸರಿದೆ. ಜನ ಇಲ್ಲದ ಊರಿಗೆ ನಕ್ಷೆ ಇದೆ, ಜನ ಇರುವ ಊರಿಗೆ ನಕ್ಷೆ ಇಲ್ಲ. ನಾನೇ ಆ ಎರಡೂ ಫೈಲು ಒಂದೇ ಕಂಕುಳಲ್ಲಿ ಹೊತ್ತು ತಾಲ್ಲೂಕು ಕಚೇರಿಗೆ ಓಡಾಡಿದ್ದೇನೆ.

ಕಡಲಕರೆ

ಕುಂದಾಪುರದವಳು ನಾನು. ನುನಾವುಟ್ ರಾಜಧಾನಿ ಇಕಾಲುಯಿಟ್‌ನಲ್ಲಿ ಒಂದು ಚಳಿಗಾಲ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಡೆವನ್‌ಗೆ ಹೋಗಿಲ್ಲ. ಹೋದವರು ಸಿಗುವುದೂ ಅಪರೂಪ ಮಾರಾಯ್ರೇ. ಆದರೆ ‘ನೆಲ ಯಾರದ್ದು’ ಅನ್ನೋ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಆಫೀಸಿನಲ್ಲಿ ದಿನಾ ಅದೇ ಮಾತು.

1993ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರಿಗೂ ಕೆನಡಾ ಸರ್ಕಾರಕ್ಕೂ ದೊಡ್ಡ ಭೂ ಒಪ್ಪಂದ ಆಯಿತು. ಅದರ ಮೇಲೆಯೇ 1999ರ ಏಪ್ರಿಲ್ 1ಕ್ಕೆ ನುನಾವುಟ್ ಹುಟ್ಟಿದ್ದು. ಸುಮಾರು ಮೂರೂವರೆ ಲಕ್ಷ ಚದರ ಕಿ.ಮೀ. ನೆಲಕ್ಕೆ ಇನುಯಿಟ್ ಜನರೇ ಮಾಲೀಕರು. ಅದರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ ನೆಲದಡಿಯ ಖನಿಜದ ಹಕ್ಕೂ ಸೇರಿದೆ. ಮಿಕ್ಕಿದ್ದು ಬಹುಪಾಲು ಕ್ರೌನ್ ಲ್ಯಾಂಡ್, ಅಂದರೆ ನಮ್ಮ ಸರ್ಕಾರಿ ಜಮೀನು ಇದ್ದ ಹಾಗೆ, ಒಟ್ಟಾವಾದ, ಅಂದರೆ ಕೆನಡಾ ಕೇಂದ್ರ ಸರ್ಕಾರದ ಕೈಯಲ್ಲಿ. ಅದರ ಹೊಣೆಯನ್ನು ನುನಾವುಟ್ ಸರ್ಕಾರಕ್ಕೆ ಬಿಟ್ಟುಕೊಡುವ ಒಪ್ಪಂದಕ್ಕೆ 2024ರ ಜನವರಿಯಲ್ಲಿ ಸಹಿ ಬಿದ್ದಿದೆ. 2027ರ ಏಪ್ರಿಲ್ ಒಳಗೆ ಕೈ ಬದಲಾಗಬೇಕು.

ಹಾಗಾಗಿ ಪಂಚಾಯಿತಿ ಇಲ್ಲ ಅಂದ ಮಾತ್ರಕ್ಕೆ ಬೇಲಿ ಹಾಕಬಹುದು ಅಂತಲ್ಲ. ಸಂಶೋಧನೆಗೆ ಡೇರೆ ಹೊಡೆಯಬೇಕಿದ್ದರೂ ಪರವಾನಗಿ ಬೇಕು.

ತಿಂಡಿಪೋತ_ಟೊರಾಂಟೊ

ಸೈಟ್ ಆಸೆ ಮಣ್ಣಾಯ್ತು. ಅಲ್ಲ, ಮಂಜಾಯ್ತು.

ಸುಮಾ_ಧಾರವಾಡ

@ಕಡಲಕರೆ ಅಕ್ಕಾರ, ಇಕಾಲುಯಿಟ್ ಬಗ್ಗೆ ಇನ್ನಷ್ಟು ಹೇಳ್ರಿ. ಅಲ್ಲಿ ತರಕಾರಿ ಸಿಗ್ತದೇನ್ರಿ?

ಕಡಲಕರೆ

ಸಿಗ್ತದೆ, ಬೆಲೆ ನೋಡಿ ವಾಪಸ್ ಇಡ್ತೀವಿ! ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ವಿಮಾನ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬರುವ ಹಡಗು. ಆ ಹಡಗಿಗೆ ಸೀಲಿಫ್ಟ್ ಅಂತಾರೆ. ಮಂಜು ಕರಗಿದಾಗ ಬರುತ್ತದೆ. ವರ್ಷಕ್ಕಾಗುವಷ್ಟು ಅಕ್ಕಿ, ಹಿಟ್ಟು, ಡಯಾಪರ್, ಬೈಕು, ಸೋಫಾ ಎಲ್ಲ ಅದರಲ್ಲೇ. ನಾನು ಹೋಗುವಾಗ ಅಮ್ಮ ಕುಚ್ಚಲಕ್ಕಿ, ಹುಣಸೆಹಣ್ಣು ಕಟ್ಟಿ ಕೊಟ್ಟಿದ್ದರು. ಹುಣಸೆಹಣ್ಣು ಕಲ್ಲಾಗಿತ್ತು, ಆದರೂ ಜೀವ ಉಳಿಸಿತು.

ಮನೆಗಳೆಲ್ಲ ಕಂಬದ ಮೇಲೆ ನಿಂತಿರುತ್ತವೆ. ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಮನೆಯ ಬಿಸಿಗೆ ಅದು ಕರಗಿದರೆ ಗೋಡೆ ಬಿರುಕು ಬಿಡುತ್ತದೆ. ಪೈಪ್ ಹೂಳೋದೂ ಕಷ್ಟ. ಹಾಗಾಗಿ ಎಷ್ಟೋ ಮನೆಗಳಿಗೆ ನೀರು ಬರೋದು ಟ್ಯಾಂಕರ್‌ನಲ್ಲಿ.

ಮಲ್ಲೇಶ್ವರದ_ಮಾವ

ಟ್ಯಾಂಕರ್ ನೀರಿಗೆ ಉತ್ತರ ಧ್ರುವದ ತನಕ ಹೋಗಬೇಕಾ? ನಮ್ಮ ಅಪಾರ್ಟ್‌ಮೆಂಟ್‌ಗೆ ಬನ್ನಿ, ಏಪ್ರಿಲ್‌ನಲ್ಲಿ.

ರಾತ್ರಿಪಾಳಿ

ಡೆವನ್ ದ್ವೀಪ ಅಂದ್ರೆ ನಾಸಾದವರು ಮಂಗಳದ ಫೋಟೊ ಅಂತ ಶೂಟಿಂಗ್ ಮಾಡೋ ಜಾಗ ಅಲ್ವಾ? ರೋವರ್ ಚಿತ್ರ ಎಲ್ಲ ಅಲ್ಲಿಯದೇ ಅಂತ ಒಂದು ವಿಡಿಯೊ ನೋಡಿದ್ದೆ. ಅದಕ್ಕೇ ಯಾರನ್ನೂ ಒಳಗೆ ಬಿಡಲ್ಲವಂತೆ.

ಕಲ್ಲುಬಂಡೆ

ಬಂತು ನೋಡಿ. ಕಾಯ್ತಾ ಇದ್ದೆ.

ತಮ್ಮಾ, ಡೆವನ್‌ನಲ್ಲಿ ಹಾಟನ್ ಕುಳಿ ಅಂತ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಬಾಹ್ಯಾಕಾಶದ ಬಂಡೆ ಬಿದ್ದು ಆದದ್ದು. ಅಡ್ಡಗಲ ಸುಮಾರು 23 ಕಿ.ಮೀ. ಗಿಡ ಮರ ಇಲ್ಲ, ಒಣ ಚಳಿ, ಒಡೆದ ಕಲ್ಲು, ಹೆಪ್ಪುಗಟ್ಟಿದ ನೆಲ. ಮಂಗಳಕ್ಕೆ ಹೋಗುವವರು ಅಭ್ಯಾಸ ಮಾಡಲಿ ಅಂತ 1997ರಿಂದ ಅಲ್ಲಿ ನಾಸಾ ಬೆಂಬಲದ ಯೋಜನೆ ನಡೆಯಿತು. 2000ದಲ್ಲಿ ಮಾರ್ಸ್ ಸೊಸೈಟಿ ಅನ್ನುವವರು ಕುಳಿಯ ಅಂಚಿನಲ್ಲಿ ಎರಡು ಅಂತಸ್ತಿನ ಡಬ್ಬದಂಥ ಮನೆ ಕಟ್ಟಿದರು. ಸ್ಪೇಸ್‌ಸೂಟ್ ಹಾಕಿಕೊಂಡು ಕಲ್ಲು ಹೆಕ್ಕುವುದು, ಡ್ರಿಲ್ ಕೆಲಸ ಮಾಡುತ್ತಾ ನೋಡುವುದು, ಹೀಗೆ. ಎಲ್ಲ ಬೇಸಿಗೆಯ ಕೆಲವು ವಾರ. ಗುಟ್ಟೇನೂ ಇಲ್ಲ, ಅವರೇ ಫೋಟೊ ಹಾಕಿಕೊಳ್ಳುತ್ತಾರೆ.

ಯಾರನ್ನೂ ಬಿಡಲ್ಲ ಅಂತ ಯಾರು ಹೇಳಿದ್ದು? ಹಡಗಿನಲ್ಲಿ ಪ್ರವಾಸಿಗರೇ ಬಂದು ದಂಡೆಗೆ ಇಳಿಯುತ್ತಾರೆ. ಇನ್ನು ಮಂಗಳ ಸುಳ್ಳು ಅನ್ನೋದಾದರೆ, 2014ರಲ್ಲಿ ನಮ್ಮ ಇಸ್ರೊದ ಮಂಗಳಯಾನ ಕಳಿಸಿದ ಚಿತ್ರಗಳೂ ಡೆವನ್‌ನಲ್ಲೇ ತೆಗೆದವಾ? ಪೀಣ್ಯದಿಂದ ಟ್ವಿನ್ ಆಟರ್ ವಿಮಾನ ಹತ್ತಿದ್ರಾ?

ರಾತ್ರಿಪಾಳಿ

ಸುಮ್ನೆ ಕೇಳಿದೆ ಸರ್, ಬೈಬೇಡಿ. ಟ್ವಿನ್ ಆಟರ್ ಅಂದ್ರೇನು?

ಕಲ್ಲುಬಂಡೆ

ಬೈದಿಲ್ಲಪ್ಪ, ದನಿ ಹಾಗೆ. ಎರಡು ಎಂಜಿನ್ನಿನ ಸಣ್ಣ ವಿಮಾನ. ರನ್‌ವೇ ಇಲ್ಲದಿದ್ದರೂ ಜಲ್ಲಿ, ಹಿಮ ಎಲ್ಲೆಂದರಲ್ಲಿ ಇಳಿಯುತ್ತದೆ. ಹತ್ತಿರದ ರೆಸಲ್ಯೂಟ್ ಊರಿನಿಂದ ಬಾಡಿಗೆಗೆ ಸಿಗುತ್ತದೆ. ಅಲ್ಲಿ ವಿಜ್ಞಾನಿಗಳಿಗೆ ಸಾಮಾನು ಒದಗಿಸುವ ಸರ್ಕಾರಿ ನೆಲೆಯೂ ಇದೆ.

ಇನ್ನೊಂದು, ಇಡೀ ದ್ವೀಪ ಮಂಗಳದ ಹಾಗೆ ಬರಡಲ್ಲ. ಪೂರ್ವ ಭಾಗ ಬಹಳಷ್ಟು ಮಂಜಿನ ಟೊಪ್ಪಿ ಹಾಕಿಕೊಂಡಿದೆ. ಅದರ ನೆತ್ತಿ ಸುಮಾರು 1,900 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಎತ್ತರ. ಉತ್ತರ ದಂಡೆಯ ಟ್ರೂಲವ್ ತಗ್ಗಿನಲ್ಲಿ ಜವುಗು, ಹುಲ್ಲು, ಪಾಚಿ ಇದೆ. ಮಸ್ಕ್ ಆಕ್ಸ್ ಮೇಯುತ್ತವೆ.

ಪದಜಿಪುಣ

ಮಸ್ಕ್ ಆಕ್ಸ್‌ಗೆ ‘ಕಸ್ತೂರಿ ಎತ್ತು’ ಅನ್ನಬಹುದೇ?

ಕಲ್ಲುಬಂಡೆ

ಅನ್ನಬೇಡಿ. ಅದರ ವಾಸನೆ ಅಷ್ಟು ಮರ್ಯಾದೆಗೆ ತಕ್ಕದ್ದಲ್ಲ. ಅದು ಎತ್ತೂ ಅಲ್ಲ, ವಂಶದಲ್ಲಿ ಕುರಿ ಮೇಕೆಗಳಿಗೇ ಹತ್ತಿರ.

ಇತಿಹಾಸದ_ಮೇಷ್ಟ್ರು

ತಡವಾಗಿ ಬಂದೆ. ನಕ್ಷೆಹುಚ್ಚರು ‘ನಿರ್ಜನ’ ಅಂತ ಬರೆದು ಮುಂದೆ ಹೋಗಿಬಿಡಬಾರದು ಅಂತ ನನ್ನ ಕೋರಿಕೆ. ಜನ ಇಲ್ಲ ಅನ್ನೋದು ಇವತ್ತಿನ ಮಾತು. ಸಾವಿರಾರು ವರ್ಷಗಳಿಂದ ಬೇಟೆಗಾರರು ಬಂದು ಹೋದ ಕರಾವಳಿ ಅದು.

ಡೆವನ್ ದಕ್ಷಿಣ ದಂಡೆಯಲ್ಲಿ ಡಂಡಾಸ್ ಹಾರ್ಬರ್ ಅಂತ ಜಾಗ ಇದೆ. ‘ಈ ದ್ವೀಪ ನಮ್ಮದು’ ಅಂತ ಪ್ರಪಂಚಕ್ಕೆ ತೋರಿಸಲು ಕೆನಡಾ 1924ರಲ್ಲಿ ಅಲ್ಲಿ ಪೊಲೀಸ್ ಠಾಣೆ ತೆರೆಯಿತು. ಕಳ್ಳರು ಯಾರು? ಯಾರೂ ಇಲ್ಲ. ಬಾವುಟ ಹಾರಬೇಕು ಅಷ್ಟೇ. ಆ ಏಕಾಂತ ತಡೆಯೋದು ಸುಲಭ ಇರಲಿಲ್ಲ. ಇಬ್ಬರು ಪೊಲೀಸರ ಸಮಾಧಿ ಅಲ್ಲೇ ಇದೆ, ಬಿಳಿ ಬೇಲಿ ಕಟ್ಟಿ. 1933ರಲ್ಲಿ ಠಾಣೆಯನ್ನು ಹಡ್ಸನ್ಸ್ ಬೇ ಕಂಪನಿಗೆ ಕೊಟ್ಟರು. 1934ರಲ್ಲಿ ಬ್ಯಾಫಿನ್ ದ್ವೀಪದ ಮೂರು ಕಡೆಯಿಂದ ಐವತ್ತಕ್ಕೂ ಹೆಚ್ಚು ಇನುಯಿಟ್ ಜನರನ್ನು ಹಡಗಿನಲ್ಲಿ ತಂದು ಅಲ್ಲಿ ಇಳಿಸಿದರು. ನರಿ ಹಿಡಿದು ತುಪ್ಪಳ ಕೊಡಲಿ ಅಂತ. ಗಾಳಿ ಜೋರು, ಮಂಜು ಒಡ್ಡೊಡ್ಡು, ನಾಯಿಬಂಡಿ ಓಡಿಸಲು ಆಗಲಿಲ್ಲ. 1936ಕ್ಕೆ ಅವರನ್ನು ಮತ್ತೆ ಹಡಗಿಗೆ ಹತ್ತಿಸಿದರು. ಎರಡನೇ ಮಹಾಯುದ್ಧದ ನಂತರ ಠಾಣೆಯನ್ನು ಮತ್ತೆ ತೆರೆದರು. 1951ರಲ್ಲಿ ಅದನ್ನೂ ಮುಚ್ಚಿದರು.

ಅಂದರೆ ಡೆವನ್ ತಾನಾಗಿಯೇ ಖಾಲಿ ಇದ್ದ ಜಾಗ ಅಲ್ಲ. ತುಂಬಲು ನೋಡಿ, ಆಗದೆ ಬಿಟ್ಟದ್ದು.

ಶಾನುಭೋಗರ_ಮೊಮ್ಮಗ

ಹಾಗಾದ್ರೆ ಬೇಚರಾಕ್ ಕೂತುಕೊಳ್ತಲ್ಲ ಪದಜಿಪುಣರೇ? ದೀಪ ಹಚ್ಚಿದ್ದರು, ಆರಿತು.

ಪದಜಿಪುಣ

ಡಂಡಾಸ್ ಹಾರ್ಬರ್‌ಗೆ ಕೂರುತ್ತದೆ. 55,247 ಚದರ ಕಿ.ಮೀ.ಗೆ ಕೂರಲ್ಲ. ನಾನು ಸೋತಿಲ್ಲ.

ಇತಿಹಾಸದ_ಮೇಷ್ಟ್ರು

ಮುಂದಿನದು ಇನ್ನೂ ಕಹಿ. 1953ರಲ್ಲಿ, ಮತ್ತೆ 1955ರಲ್ಲಿ, ಕ್ವಿಬೆಕ್‌ನ ಇನುಕ್ಜುವಾಕ್‌ನಿಂದ ಇನುಯಿಟ್ ಕುಟುಂಬಗಳನ್ನು ಸುಮಾರು 2,000 ಕಿ.ಮೀ. ಉತ್ತರಕ್ಕೆ, ರೆಸಲ್ಯೂಟ್ ಮತ್ತು ಗ್ರೀಸ್ ಫಿಯರ್ಡ್‌ಗೆ ಒಯ್ದರು. ಬೇಟೆ ಜಾಸ್ತಿ ಸಿಗುತ್ತದೆ, ಇಷ್ಟ ಇಲ್ಲದಿದ್ದರೆ ಎರಡು ವರ್ಷದಲ್ಲಿ ವಾಪಸ್ ಕಳಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. ಕಳಿಸಲಿಲ್ಲ. ಅವರ ಊರಿನಲ್ಲಿ ಚಳಿಗಾಲದಲ್ಲೂ ಸೂರ್ಯ ಕಾಣುತ್ತಿದ್ದ. ಇಲ್ಲಿ ಮೂರು ತಿಂಗಳು ಕತ್ತಲು. ಬೇಟೆಯ ಪ್ರಾಣಿ ಬೇರೆ, ದಾರಿ ಗೊತ್ತಿಲ್ಲ. ‘ನಮ್ಮನ್ನು ಬಾವುಟದ ಕಂಬ ಮಾಡಿದರು’ ಅಂತ ಅವರ ಮಕ್ಕಳು ಇವತ್ತಿಗೂ ಹೇಳುತ್ತಾರೆ. ಕೆನಡಾ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಗ್ರೀಸ್ ಫಿಯರ್ಡ್‌ನ ಇನುಯಿಟ್ ಹೆಸರು ಔಯುಯಿಟ್ಟುಕ್, ಎಂದೂ ಕರಗದ ಜಾಗ.

ಸುಮಾ_ಧಾರವಾಡ

ಓದಿ ಹೊಟ್ಟೆ ಕಿವುಚಿದಂಗಾತ್ರಿ. ಜನ ಇರೋ ಊರಿಂದ ಎಬ್ಬಿಸಿ ಜನ ಇಲ್ಲದ ಕಡೆ ಕೂರಿಸೋದು ಅಂದ್ರ ಏನು! ಆಲಮಟ್ಟಿ ಹಿನ್ನೀರಿಗೆ ನಮ್ಮ ಅತ್ತೆ ಊರು ಮುಳುಗಿದಾಗ ಪುನರ್ವಸತಿ ಕೇಂದ್ರದಾಗ ಮನಿ ಕೊಟ್ಟಿದ್ರು. ಅತ್ತೆ ಸಾಯೂತನ ಅದನ್ನ ‘ಊರು’ ಅನ್ನಲಿಲ್ಲ. ‘ಸೆಂಟರ್’ ಅಂತನ ಅಂತಿದ್ರು.

ಕಡಲಕರೆ

@ಸುಮಾ_ಧಾರವಾಡ 🙏

ಇಕಾಲುಯಿಟ್ ಆಫೀಸಿನ ಗೋಡೆ ಮೇಲೆ ದೊಡ್ಡ ನಕ್ಷೆ ಇತ್ತು. ಊರುಗಳಿಗೆ ಕೆಂಪು ಚುಕ್ಕೆ, ಮಿಕ್ಕಿದ್ದೆಲ್ಲ ಬಿಳಿ. ನಾನು ಒಂದು ದಿನ ಡೆವನ್ ತೋರಿಸಿ, ‘ಇಲ್ಲಿ ಏನೂ ಇಲ್ಲ ಅಲ್ವಾ’ ಅಂದೆ. ಪಕ್ಕದ ಮೇಜಿನ ಇನುಯಿಟ್ ಹಿರಿಯರು ನಕ್ಕರು. ‘ಅದು ತಲ್ಲುರುತಿತ್’ ಅಂದು ತಮ್ಮ ಗದ್ದದ ಮೇಲೆ ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ತೋರಿಸಿದರು.

ಅರ್ಥ ಏನು ಗೊತ್ತಾ? ಹೆಂಗಸಿನ ಗದ್ದದ ಹಚ್ಚೆ. ದಕ್ಷಿಣದ ಕಡೆ, ಕಡಲಿನಾಚೆ ನಿಂತು ನೋಡಿದರೆ ಡೆವನ್‌ನ ಬಂಡೆಗೋಡೆಯಲ್ಲಿ ಕೊರಕಲುಗಳು ಉದ್ದುದ್ದಕ್ಕೆ ಇಳಿದಿರುವುದು ಹಾಗೇ ಕಾಣುತ್ತದಂತೆ. ನಡುವಿನ ಕಡಲಿಗೂ ಅದೇ ಹೆಸರು ಬಂದಿದೆ. ಅಲ್ಲಿನ ಸಂರಕ್ಷಿತ ಸಾಗರ ಪ್ರದೇಶಕ್ಕೆ ತಲ್ಲುರುತಿಉಪ್ ಇಮಾಂಗ ಅಂತಾರೆ. ಒಂದು ಲಕ್ಷ ಚದರ ಕಿ.ಮೀ.ಗಿಂತ ದೊಡ್ಡದು. ನಾರ್ವಾಲ್, ಬೆಲೂಗ ಅನ್ನೋ ತಿಮಿಂಗಿಲಗಳು, ಹಿಮಕರಡಿ ಎಲ್ಲ ಇವೆ.

ಸುಮಾ_ಧಾರವಾಡ

ಅಯ್ಯ, ನಮ್ಮ ಅಮ್ಮಗ ಗದ್ದದ ಮ್ಯಾಲ ಮೂರು ಚುಕ್ಕಿ ಹಚ್ಚಿ ಇತ್ರಿ! ಕೊರವಂಜಿ ಬಂದು ಹಾಕಿ ಹೋಗಿದ್ಲಂತ. ಸತ್ತಾಗ ಜೊತೀಗೆ ಬರೋ ವಸ್ತು ಇದೊಂದ ಅಂತಿದ್ರು.

ಕಡಲಕರೆ

ಅಲ್ಲಿ ಪಾದ್ರಿಗಳು ಬಂದ ಮೇಲೆ ಹಚ್ಚೆ ಹಾಕಿಸುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಈಗಿನ ಹುಡುಗಿಯರು ಮತ್ತೆ ಹಾಕಿಸಿಕೊಳ್ಳುತ್ತಿದ್ದಾರೆ. ನಮ್ಮ ಬ್ಯಾಂಕಿನ ಕೌಂಟರಿನಲ್ಲಿದ್ದ ಹುಡುಗಿಗೂ ಗದ್ದದ ಮೇಲೆ ಮೂರು ಗೆರೆ ಇತ್ತು. ನನಗೆ ಅಜ್ಜಿಯ ನೆನಪಾಗಿ ದುಡ್ಡು ಎಣಿಸೋದು ತಪ್ಪಿತ್ತು.

ನಕ್ಷೆಹುಚ್ಚ

ಸಾಕು, ಲೇಖನದ ಮೊದಲ ಪ್ಯಾರಾ ಸಿಕ್ಕಿತು. ಇಂಗ್ಲೆಂಡಿನ ಡೆವನ್ ಜಿಲ್ಲೆಯ ಹೆಸರನ್ನು 1819-20ರ ಯಾತ್ರೆಯಲ್ಲಿ ಪ್ಯಾರಿ ಅನ್ನೋ ನಾವಿಕ ಅಂಟಿಸಿದ ಅಂತ ಶುರು ಮಾಡಿದ್ದೆ. ಈಗ ಹಚ್ಚೆಯಿಂದ ಶುರು.

ತಿಂಡಿಪೋತ_ಟೊರಾಂಟೊ

ಹೆಸರಿನ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಪಕ್ಕದಲ್ಲಿ ಎಲೆಫ್ ರಿಂಗ್ನೆಸ್, ಅಮುಂಡ್ ರಿಂಗ್ನೆಸ್, ಆಕ್ಸೆಲ್ ಹೈಬರ್ಗ್ ಅಂತ ಮೂರು ದೊಡ್ಡ ದ್ವೀಪ ಇವೆ. ಮೂರೂ ಖಾಲಿ. ರಿಂಗ್ನೆಸ್ ಅಂದ್ರೆ ನಾರ್ವೆಯ ಬಿಯರ್ ಕಂಪನಿ! ನಾರ್ವೆಯ ಅನ್ವೇಷಕ ಒಟ್ಟೊ ಸ್ವೆರ್ಡ್ರುಪ್ 1898ರಿಂದ 1902ರವರೆಗೆ ಅಲ್ಲೆಲ್ಲ ನಕ್ಷೆ ತೆಗೆದ. ಖರ್ಚು ಕೊಟ್ಟವರು ಬಿಯರ್ ಕಂಪನಿಯ ಅಣ್ಣತಮ್ಮಂದಿರು, ಅವರ ಜೊತೆಗಿದ್ದ ಹೈಬರ್ಗ್. ಅವರ ಹೆಸರನ್ನೇ ಇಟ್ಟ. 1930ರಲ್ಲಿ ನಾರ್ವೆ ಹಕ್ಕು ಬಿಟ್ಟುಕೊಟ್ಟಿತು. ಕೆನಡಾ ಸ್ವೆರ್ಡ್ರುಪ್‌ಗೆ ಅವನ ನಕ್ಷೆ, ದಿನಚರಿಗಳಿಗಾಗಿ 67,000 ಡಾಲರ್ ಕೊಟ್ಟಿತು.

ಮಲ್ಲೇಶ್ವರದ_ಮಾವ

ಬಿಯರ್ ದ್ವೀಪ, ಐಸ್ ಫ್ರೀ. ಇದಕ್ಕಿಂತ ಏನು ಬೇಕು.

ರಾತ್ರಿಪಾಳಿ

ಕುಡಿಯೋ ವಿಷಯ ಬಂತಲ್ಲ, ಹಾನ್ಸ್ ದ್ವೀಪ ಹೇಳಲೇಬೇಕು. ಇದು ವಿಡಿಯೊದಲ್ಲಿ ನೋಡಿದ್ದಲ್ಲ, ಪೇಪರಿನಲ್ಲಿ ಓದಿದ್ದು, ಹೊಡೀಬೇಡಿ. ಗ್ರೀನ್‌ಲ್ಯಾಂಡ್‌ಗೂ ಎಲ್ಸ್‌ಮಿಯರ್ ದ್ವೀಪಕ್ಕೂ ನಡುವೆ ಒಂದೂ ಚಿಲ್ಲರೆ ಚದರ ಕಿ.ಮೀ. ಬಂಡೆ. ಡೆನ್ಮಾರ್ಕ್‌ನವರು ಬಂದು ಬಾವುಟ ನೆಟ್ಟು ಒಂದು ಬಾಟಲಿ ಷ್ನಾಪ್ಸ್ ಇಟ್ಟು ಹೋಗೋದು. ಕೆನಡಾದವರು ಬಂದು ಅದನ್ನು ಕಿತ್ತು ತಮ್ಮ ಬಾವುಟ ನೆಟ್ಟು ವಿಸ್ಕಿ ಇಡೋದು. ಕೊನೆಗೆ 2022ರ ಜೂನ್‌ನಲ್ಲಿ ನಡುವೆ ಗೆರೆ ಎಳೆದು ಹಂಚಿಕೊಂಡರು.

ಬಳ್ಳಾರಿ_ಬಿಸಿಲು

ಬೆಳಗಾವಿಗೂ ಮೊದಲೇ ಒಂದೊಂದು ಬಾಟಲಿ ಇಟ್ಟಿದ್ದರೆ…

ನಿರ್ವಾಹಕ

ಗಡಿ ರಾಜಕೀಯ ಇಲ್ಲಿ ಬೇಡ. ಉತ್ತರ ಧ್ರುವದ ಗಡಿ ಮಾತ್ರ.

ಬಳ್ಳಾರಿ_ಬಿಸಿಲು

ಸರಿ, ಗಂಭೀರವಾಗಿಯೇ ಹೇಳ್ತೀನಿ. ‘ಅನ್‌ಆರ್ಗನೈಸ್ಡ್, ಜನ ಇಲ್ಲ’ ಅಂತೀರಲ್ಲ, ಅದೇ ಸಾಲಿನೊಳಗೆ ಬ್ಯಾಫಿನ್ ದ್ವೀಪದ ಮೇರಿ ರಿವರ್ ಕಬ್ಬಿಣದ ಗಣಿ ಬರುತ್ತದೆ. ನೂರಾರು ಜನ ಕೆಲಸ ಮಾಡ್ತಾರೆ. ವಿಮಾನದಲ್ಲಿ ಬರ್ತಾರೆ, ಕೆಲವು ವಾರ ಪಾಳಿ ಮುಗಿಸಿ ಹೋಗ್ತಾರೆ. ಅವರ ಮನೆ ಬೇರೆ ಕಡೆ, ಹಾಗಾಗಿ ಗಣತಿಯಲ್ಲಿ ಅವರ ತಲೆ ಅಲ್ಲಿಗೇ. ಅದಿರು ಸುಮಾರು 100 ಕಿ.ಮೀ. ಲಾರಿಯಲ್ಲಿ ಮಿಲ್ನ್ ಇನ್ಲೆಟ್ ಬಂದರಿಗೆ ಹೋಗುತ್ತದೆ.

ಆ ರಸ್ತೆಯ ಫೋಟೊ ನೋಡಿದೆ. ಎರಡೂ ಕಡೆ ಹಿಮ ಕೆಂಪು. ಸಂಡೂರು ರಸ್ತೆಯೇ! ನಮ್ಮಲ್ಲಿ ಎಲೆ ಕೆಂಪಾಗುತ್ತಿತ್ತು, ಮನೆ ಅಂಗಳದ ರಂಗೋಲಿ ಕೆಂಪಾಗುತ್ತಿತ್ತು. ಅಲ್ಲಿ ಹಿಮ. 2021ರ ಫೆಬ್ರವರಿಯಲ್ಲಿ ಇನುಯಿಟ್ ಬೇಟೆಗಾರರು ಆ ಚಳಿಯಲ್ಲಿ ವಿಮಾನಪಟ್ಟಿ, ರಸ್ತೆಗೆ ಅಡ್ಡ ಕೂತರು. ಗಣಿಯನ್ನು ವರ್ಷಕ್ಕೆ 60 ಲಕ್ಷ ಟನ್‌ನಿಂದ 1.2 ಕೋಟಿ ಟನ್‌ಗೆ ಏರಿಸುವ ಯೋಜನೆ ಇತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಸಚಿವರು ಅದನ್ನು ತಿರಸ್ಕರಿಸಿದರು.

ಹೇಳಬೇಕಾದ್ದು ಇಷ್ಟೇ. ಮತದಾರ ಇಲ್ಲದ ಜಾಗದಲ್ಲಿ ಧೂಳು ಬಿದ್ದರೆ ಯಾರಿಗೆ ದೂರು ಕೊಡೋದು? ಪಂಚಾಯಿತಿ ಇಲ್ಲ ಅಂದ್ರೆ ಅದೂ ಒಂದು ಅರ್ಥ.

ಕಲ್ಲುಬಂಡೆ

ಒಪ್ಪಿದೆ. ಆದರೆ ದೂರಿಗೆ ಜಾಗವೇ ಇಲ್ಲ ಅನ್ನೋದು ಅರ್ಧ ಸರಿ. ಭೂ ಒಪ್ಪಂದದ ಪ್ರಕಾರ ನುನಾವುಟ್‌ಗೆ ಪರಿಣಾಮ ಪರಿಶೀಲನಾ ಮಂಡಳಿ ಇದೆ. ಆ ಯೋಜನೆ ಬೇಡ ಅಂತ ಮೊದಲು ಶಿಫಾರಸು ಮಾಡಿದ್ದೇ ಅದು.

ಬಳ್ಳಾರಿ_ಬಿಸಿಲು

ಸರಿ, ಮುಕ್ಕಾಲು ಮಾಡಿ.

ಇತಿಹಾಸದ_ಮೇಷ್ಟ್ರು

ಸೊನ್ನೆಯ ಲೆಕ್ಕದ ಬಗ್ಗೆ ಇನ್ನೊಂದು. ಎಲ್ಸ್‌ಮಿಯರ್‌ನ ತುದಿಯಲ್ಲಿ ಅಲರ್ಟ್ ಇದೆ, ಧ್ರುವದಿಂದ 817 ಕಿ.ಮೀ. 1950ರಲ್ಲಿ ಹವಾಮಾನ ಕೇಂದ್ರವಾಗಿ ಶುರುವಾಯಿತು, 1958ರಿಂದ ಸೇನೆಯ ನೆಲೆ. ವರ್ಷವಿಡೀ ಜನ ಇರುತ್ತಾರೆ. ಆದರೆ ಯಾರಿಗೂ ಅದು ಮನೆ ಅಲ್ಲ. 2016ರ ಗಣತಿಯಲ್ಲಿ ಅಲ್ಲಿ 62 ಜನ ಅಂತ ಬರೆದರು. ಯಾರನ್ನು ಎಲ್ಲಿಯವರು ಅಂತ ಲೆಕ್ಕ ಹಾಕುತ್ತೀರಿ ಅನ್ನೋದರ ಮೇಲೆ ಆ ಅಂಕಿ ಕುಣಿಯುತ್ತದೆ.

ಡೆವನ್‌ಗೆ ಅಂಟಿಕೊಂಡಂತಿರುವ ಬೀಚಿ ದ್ವೀಪದಲ್ಲಿ ಕಾಯಂ ನಿವಾಸಿಗಳಿದ್ದಾರೆ ನೋಡಿ. ಉತ್ತರದ ಕಡಲದಾರಿ ಹುಡುಕಲು ಹೋಗಿ ಕಣ್ಮರೆಯಾದ ಬ್ರಿಟಿಷ್ ನಾವಿಕ ಫ್ರಾಂಕ್ಲಿನ್‌ನ ಯಾತ್ರೆಯ ಮೂವರು, 1846ರಿಂದ. ಟೊರಿಂಗ್ಟನ್ ಅನ್ನೋ ಹುಡುಗನಿಗೆ ಬರೀ 20 ವರ್ಷ. 1984ರಲ್ಲಿ ಸಮಾಧಿ ತೆಗೆದಾಗ ರೆಪ್ಪೆ ಕೂಡ ಹಾಗೇ ಇತ್ತು.

ಸುಮಾ_ಧಾರವಾಡ

ರಾತ್ರಿ ಹನ್ನೊಂದಕ್ಕ ಇಂಥಾದ್ದು ಬರೀಬ್ಯಾಡ್ರಿ ಸರ್.

ನಕ್ಷೆಹುಚ್ಚ

ಎಲ್ಲ ಓದಿ ಹೀಗೆ ಬರೆದೆ, ನೋಡಿ:

‘ತಲ್ಲುರುತಿತ್. ಹೆಂಗಸಿನ ಗದ್ದದ ಹಚ್ಚೆ ಎಂದು ಅರ್ಥ. ನಕ್ಷೆಯಲ್ಲಿ ಇದರ ಹೆಸರು ಡೆವನ್ ಧ್ವೀಪ. ಕೆನಡಾದ ದಾಖಲೆಯಲ್ಲಿ ಇದು ಊರಾಡಳಿತವಿಲ್ಲದ ಸೀಮೆಯ ಒಂದು ತುಂಡು. ಇದರ ದಕ್ಷಿಣ ದಂಡೆಯಲ್ಲಿ ಒಂದು ಬೇಚರಾಕ್ ಠಾಣೆ ಇದೆ.’

ಎರಡೂ ಪದ ಹಾಕಿದ್ದೇನೆ. ಜಗಳ ಬೇಡ.

ಪದಜಿಪುಣ

‘ಧ್ವೀಪ’ ಅಲ್ಲ, ‘ದ್ವೀಪ’. ಅಲ್ಪಪ್ರಾಣ.

ಶಾನುಭೋಗರ_ಮೊಮ್ಮಗ

ಬೇಚರಾಕ್ ಠಾಣೆ! ಚೆನ್ನಾಗಿದೆ. ಅಂದ ಹಾಗೆ ನಾನು ಹೇಳಿದ ಆ ಊರಿನ ಹನುಮಪ್ಪನಿಗೆ ವರ್ಷಕ್ಕೊಂದು ಸಲ ಪಕ್ಕದ ಊರಿನವರು ಬಂದು ದೀಪ ಹಚ್ಚುತ್ತಾರೆ, ಹೋಳಿಗೆ ಅಡುಗೆ ಮಾಡುತ್ತಾರೆ. ಎರಡು ಹುಣಸೆಮರದಲ್ಲಿ ಒಂದು ಹೋದ ಮಳೆಗಾಲ ಬಿತ್ತಂತೆ. ಇನ್ನೊಂದು ಇದೆ.

ಕಡಲಕರೆ

ಹಣ್ಣು ಬಿಡುತ್ತಾ ಸರ್ ಅದು? ಯಾರದ್ದಾಗುತ್ತದೆ?

ಶಾನುಭೋಗರ_ಮೊಮ್ಮಗ

ಗುಡಿ ಜಾಗದ್ದು, ಹರಾಜು ಹಾಕಬೇಕು. ನನ್ನ ಕಾಲದಲ್ಲಿ ಒಂದು ಸಲವೂ ಹಾಕಲಿಲ್ಲ. ಯಾರು ಮೊದಲು ಬರ್ತಾರೋ ಅವರು ಬಡಿದುಕೊಂಡು ಹೋಗ್ತಿದ್ದರು. ನಾನೂ ಒಂದು ಚೀಲ ತಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಕ್ಷೆಹುಚ್ಚ

‘ದ್ವೀಪ’ ಸರಿ ಮಾಡಿದೆ.